ಹಿಡಿಯಲೂ ಬೇಕು, ಬಿಡಲೂ ಬೇಕು

ದೀಪಾವಳಿ ಬಂತೆಂದರೆ ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಕಡೆಯ ಹಳ್ಳಿಗಳಲ್ಲಿ ಹೋರಿ ಹಬ್ಬದ ಹುರುಪು. ಕೊರಳಿಗೆ ಒಣಕೊಬ್ಬರಿ ಹಾರ, ಕೋಡಿಗೆ ಬಣ್ಣದ ರಿಬ್ಬನ್ನು ಕಟ್ಟಿದ ಹೋರಿಯನ್ನು ಅಖಾಡಕ್ಕೆ ತರುವವರ ಕೈಗಳನ್ನು ಎಂದಾದರೂ ಗಮನಿಸಿದ್ದೀರಾ? ಹಗ್ಗವನ್ನು ಅಂಗೈಗೆ ಸುತ್ತಿಕೊಂಡು ಬಿಗಿದು ನಿಂತವನು ಹೊಸಬ ಎಂದೇ ತಿಳಿಯಿರಿ. ಹಳಬರು ಹಾಗೆ ಸುತ್ತಿಕೊಳ್ಳುವುದಿಲ್ಲ. ಹೋರಿ ಒಮ್ಮೆಲೇ ಜಗ್ಗಿದಾಗ ಹಗ್ಗವನ್ನು ಮುಷ್ಟಿಯೊಳಗೆ ತುಸು ಜಾರಲು ಬಿಡುತ್ತಾರೆ. ಪೂರ್ತಿ ಬಿಡುವುದಿಲ್ಲ, ಪೂರ್ತಿ ಹಿಡಿಯುವುದೂ ಇಲ್ಲ. ಜಾರುವ ಹಗ್ಗವೇ ಹೋರಿಯ ಆವೇಗವನ್ನು ತಿಂದುಹಾಕುತ್ತದೆ.

ಅಂಗೈಯ ಈ ಕೆಲಸವನ್ನೇ ಲೋಹದ ಬಿಲ್ಲೆಗಳಿಂದ ಮಾಡಿಸುವ ಒಂದು ಯಂತ್ರವಿದೆ. ಸಮುದ್ರದ ದೊಡ್ಡ ಮೀನುಗಳನ್ನು ಗಾಳ ಹಾಕಿ ಹಿಡಿಯುವವರ ಕೋಲಿಗೆ ಕಟ್ಟಿದ ರೀಲು ಅದು. ಅದರೊಳಗೆ ದಾರ ಜಾರುವುದನ್ನು ತಡೆಯುವ ಭಾಗಕ್ಕೆ 'ಡ್ರ್ಯಾಗ್' ಎನ್ನುತ್ತಾರೆ. ಮೀನು ತಿನ್ನದ ಮನೆಯವರು ಪುಟ ತಿರುವಬೇಡಿ. ನಾನಿಲ್ಲಿ ಹೇಳುತ್ತಿರುವುದು ಮೀನಿನ ಸಾರಿನ ವಿಷಯವಲ್ಲ, ಎಂಟನೆಯ ತರಗತಿಯ ಘರ್ಷಣೆಯ ಪಾಠ.

ಹಾನಗಲ್ಲದಿಂದ ಶಿರಸಿ ದಾಟಿ, ದೇವಿಮನೆ ಘಟ್ಟ ಇಳಿದರೆ ಕುಮಟಾದ ಸಮುದ್ರ. ಅದು ಬಿಟ್ಟರೆ ನಮಗೆ ಗೊತ್ತಿರುವ ನೀರು ವರದಾ, ಧರ್ಮಾ, ಕುಮುದ್ವತಿ ಹೊಳೆಗಳು ಮತ್ತು ಹಳೆಯ ಹಿರೇಕೆರೂರು ತಾಲ್ಲೂಕಿನ ಮದಗ-ಮಾಸೂರು ಕೆರೆಯಂಥ ಕೆರೆಗಳು. ಇಲ್ಲಿ ಕಟ್ಲಾ, ರೋಹು ಹಿಡಿಯಲು ಬಲೆ ಸಾಕು. ಹುಡುಗರ ಗಾಳಕ್ಕೆ ಒಂದು ಬಿದಿರು ಕೋಲು, ನಾಲ್ಕು ಮಾರು ನೈಲಾನ್ ದಾರ ಸಾಕು. ಮೀನು ದಾರಕ್ಕಿಂತ ಬಲಶಾಲಿಯಾದಾಗ ಮಾತ್ರ ಕಥೆ ಬೇರೆಯಾಗುತ್ತದೆ.

ಅಂಥ ಮೀನು ಕರ್ನಾಟಕದಲ್ಲೇ ಇದೆ. ಕಾವೇರಿ ತೀರದವರು ಬಿಳಿಮೀನು ಎನ್ನುವ ಮಹಶೀರ್. 1946ರಲ್ಲಿ ಮೈಸೂರು ಸೀಮೆಯ ಕಬಿನಿ ಹೊಳೆಯಲ್ಲಿ ಡಿ ವೆಟ್ ವ್ಯಾನ್ ಇಂಗೆನ್ ಅವರು ಗಾಳಕ್ಕೆ ಹಿಡಿದ ಮಹಶೀರ್ 120 ಪೌಂಡು, ಅಂದರೆ ಸುಮಾರು 54 ಕಿಲೋ ತೂಗಿತು. ಸತ್ತ ಪ್ರಾಣಿಗಳನ್ನು ಜೀವಂತವೆನ್ನುವಂತೆ ಸಿದ್ಧಪಡಿಸುವುದರಲ್ಲಿ ಹೆಸರಾದ ಮೈಸೂರಿನ ಕುಟುಂಬ ಅವರದು. ಅದಕ್ಕೂ ಬಹಳ ಮೊದಲೇ, 1873ರಲ್ಲಿ, ಮದ್ರಾಸ್ ಪ್ರಾಂತದ ಅಧಿಕಾರಿಯಾಗಿದ್ದ ಎಚ್. ಎಸ್. ಥಾಮಸ್ ಭಾರತದಲ್ಲಿ ಗಾಳ ಹಾಕುವುದರ ಬಗ್ಗೆ ಇಡೀ ಒಂದು ಪುಸ್ತಕವನ್ನೇ ಬರೆದಿದ್ದರು. ಅದರ ನಾಯಕನೂ ಮಹಶೀರೇ. ಗಾಳ ಕಚ್ಚಿದ ಕೂಡಲೇ ಇದು ಹೊಳೆಯ ರಭಸದ ಜೊತೆಗೆ ಒಂದೇ ಓಟ ಓಡುತ್ತದೆ. ಆ ಮೊದಲ ಓಟದಲ್ಲಿ ದಾರ ಉಳಿಯಿತೆಂದರೆ ಅರ್ಧ ಗೆದ್ದಂತೆ. ಇದಕ್ಕೆ ಗಾಳದಲ್ಲಿ ಸಿಕ್ಕಿಸುತ್ತಿದ್ದುದು ಏನೆಂದು ಬಲ್ಲಿರಾ? ರಾಗಿ ಹಿಟ್ಟಿನ ಮುದ್ದೆ!

ಗೆಣ್ಣು ಮುರಿಯುವ ಹಿಡಿಕೆ

ಹಿಂದಿನ ರೀಲುಗಳಲ್ಲಿ ಡ್ರ್ಯಾಗ್ ಇರಲಿಲ್ಲ. ದಾರ ಸುತ್ತಿದ ಉರುಳೆಗೂ ಹಿಡಿಕೆಗೂ ನೇರ ಸಂಬಂಧ. ನಾವು ಹಿಡಿಕೆ ತಿರುಗಿಸಿದರೆ ಉರುಳೆ ದಾರ ಸುತ್ತಿಕೊಳ್ಳುತ್ತದೆ. ಮೀನು ದಾರ ಎಳೆದರೆ ಹಿಡಿಕೆ ಹಿಂದಕ್ಕೆ ಗಿರಗಿರನೆ ತಿರುಗುತ್ತದೆ. ಬಾವಿಯ ರಾಟೆಗೆ ಹಿಡಿಕೆ ಹಚ್ಚಿ, ತುಂಬಿದ ಕೊಡವನ್ನು ಮೇಲಿಂದ ಕೈಬಿಟ್ಟರೆ ಏನಾಗುತ್ತದೆಂದು ಊಹಿಸಿಕೊಳ್ಳಿ. ದೊಡ್ಡ ಮೀನು ಓಡಿದಾಗ ಹಿಡಿಕೆ ಬಡಿದು ಬೆರಳ ಗೆಣ್ಣುಗಳು ಒಡೆಯುತ್ತಿದ್ದವು. ವೇಗ ತಗ್ಗಿಸಬೇಕೆಂದರೆ ತೊಗಲಿನ ತುಂಡೊಂದನ್ನು ಹೆಬ್ಬೆರಳಿನಿಂದ ಉರುಳೆಗೆ ಒತ್ತಬೇಕಿತ್ತು. ಹೆಬ್ಬೆರಳೇ ಬ್ರೇಕು.

ಅಮೆರಿಕದ ಕ್ಯಾಲಿಫೋರ್ನಿಯಾ ಕರಾವಳಿಯಾಚೆಯ ಕ್ಯಾಟಲೀನಾ ದ್ವೀಪದಲ್ಲಿ ಟ್ಯೂನಾ ಮೀನು ಹಿಡಿಯುವವರ ಸಂಘವೊಂದು 1898ರಲ್ಲೇ ಹುಟ್ಟಿತ್ತು. ಅಲ್ಲಿನ ವಿಲಿಯಂ ಬೋಶನ್ ಎಂಬ ಹವ್ಯಾಸಿಗೆ ಒಂದು ವಿಚಾರ ಹೊಳೆಯಿತು: ಮೀನು ಎಳೆದಾಗ ಹಿಡಿಕೆ ಹಿಂದೆ ತಿರುಗಬಾರದು, ಉರುಳೆ ಮಾತ್ರ ಜಾರಬೇಕು. ಜೂಲಿಯಸ್ ವಾಮ್ ಹೋಫ್ ಎಂಬ ಕುಶಲಕರ್ಮಿ ಅದನ್ನು ಯಂತ್ರವಾಗಿ ಮಾಡಿಕೊಟ್ಟ. ಅಂಥ ರೀಲಿನಿಂದಲೇ 1913ರಲ್ಲಿ ಬೋಶನ್ 355 ಪೌಂಡಿನ ಖಡ್ಗಮೀನು ಹಿಡಿದ. ಕೋಲು-ರೀಲಿನಿಂದ ಹಿಡಿದ ಮೊದಲ ಖಡ್ಗಮೀನು ಅದು. ಹಿಡಿಕೆಯ ಬುಡದಲ್ಲಿ ನಕ್ಷತ್ರದ ಆಕಾರದ ತಿರುಗಣಿ ಇದ್ದುದರಿಂದ ಈ ಬಗೆಗೆ ಸ್ಟಾರ್ ಡ್ರ್ಯಾಗ್ ಎಂದು ಹೆಸರಾಯಿತು. ನಲವತ್ತು ವರ್ಷಗಳ ನಂತರ, 1953ರಲ್ಲಿ, ಪೆರು ದೇಶದ ಕಾಬೊ ಬ್ಲಾಂಕೊ ಬಳಿ ಆಲ್ಫ್ರೆಡ್ ಗ್ಲಾಸೆಲ್ 1,560 ಪೌಂಡಿನ ಕಪ್ಪು ಮಾರ್ಲಿನ್ ಹಿಡಿದರು. ಏಳು ನೂರು ಕಿಲೋ! ಒಂದು ಜೊತೆ ಎತ್ತಿನಷ್ಟು ತೂಕದ ಮೀನನ್ನು ಆ ಭಾರದ ಒಂದು ಸಣ್ಣ ಅಂಶವನ್ನಷ್ಟೇ ತಾಳಬಲ್ಲ ದಾರದಿಂದ ಎಳೆದು ತಂದದ್ದು ಹೇಗೆ?

ಉತ್ತರ ರೀಲಿನ ಹೊಟ್ಟೆಯಲ್ಲಿದೆ.

ಬಿಲ್ಲೆಗಳ ಅಟ್ಟಿ

ನಿಮ್ಮೂರಿನ ಯಾವುದೇ ಮೋಟಾರ್ ಸೈಕಲ್ ಗ್ಯಾರೇಜಿಗೆ ಹೋಗಿ ಕ್ಲಚ್ ಬಿಚ್ಚುವುದನ್ನು ನೋಡಿ. ಒಂದು ಉಕ್ಕಿನ ತಟ್ಟೆ, ಒಂದು ಘರ್ಷಣೆಯ ತಟ್ಟೆ, ಮತ್ತೆ ಉಕ್ಕು, ಮತ್ತೆ ಘರ್ಷಣೆ, ಹೀಗೆ ರೊಟ್ಟಿ ಅಟ್ಟಿದಂತೆ ಇರುತ್ತವೆ. ಒಂದು ಬಗೆಯ ತಟ್ಟೆಗೆ ಹೊರಗಡೆ ಹಲ್ಲು, ಇನ್ನೊಂದಕ್ಕೆ ಒಳಗಡೆ ಹಲ್ಲು. ಸ್ಪ್ರಿಂಗು ಒತ್ತಿದಾಗ ಎಲ್ಲ ಒಂದಕ್ಕೊಂದು ಅಂಟಿ ಒಟ್ಟಿಗೆ ತಿರುಗುತ್ತವೆ. ಒತ್ತಡ ಕಡಿಮೆಯಾದರೆ ಜಾರುತ್ತವೆ. ಸ್ಟಾರ್ ಡ್ರ್ಯಾಗ್ ಎಂದರೆ ಅಂಗೈಯೊಳಗೆ ಹಿಡಿಸುವ ಇಂಥದೇ ಕ್ಲಚ್ಚು. ಅರ್ಧ ಬಿಲ್ಲೆಗಳು ದಾರದ ಉರುಳೆಯನ್ನು ತಿರುಗಿಸುವ ಗಿಯರಿನ ಜೊತೆ, ಇನ್ನರ್ಧ ಹಿಡಿಕೆಯ ಕಡೆಯ ಅಚ್ಚಿನ ಜೊತೆ. ಹಿಡಿಕೆಯ ಅಚ್ಚು ಹಿಂದಕ್ಕೆ ತಿರುಗದಂತೆ ಒಂದು ಹಲ್ಲುಚಕ್ರ ಮತ್ತು ಕೊಕ್ಕೆ ತಡೆಯುತ್ತವೆ. ಆದ್ದರಿಂದ ಮೀನು ಎಳೆದಾಗ ಜಾರಬೇಕಾದ್ದು ಬಿಲ್ಲೆಗಳ ನಡುವೆಯೇ.

ಇಷ್ಟೊಂದು ಬಿಲ್ಲೆ ಯಾಕೆ, ಒಂದು ದೊಡ್ಡದನ್ನೇ ಹಾಕಬಾರದೇ ಎಂದು ಜಾಣ ವಿದ್ಯಾರ್ಥಿ ಕೇಳಬೇಕು. ಘರ್ಷಣೆಯ ಬಲ ತಾಗುವ ವಿಸ್ತೀರ್ಣವನ್ನು ಅವಲಂಬಿಸಿಲ್ಲ, ಒತ್ತುವ ಬಲ ಮತ್ತು ವಸ್ತುಗಳ ಗುಣವನ್ನಷ್ಟೇ ಅವಲಂಬಿಸಿದೆ ಎಂದು ಪಾಠದಲ್ಲಿ ಓದಿದ್ದೀರಿ. ಆದರೆ ಬಿಲ್ಲೆಗಳನ್ನು ಒಂದರ ಮೇಲೊಂದು ಪೇರಿಸಿ ಒಂದೇ ತಿರುಪಿನಿಂದ ಒತ್ತಿದರೆ ಅದೇ ಬಲ ಪ್ರತಿಯೊಂದು ಮೇಲ್ಮೈಯ ಮೂಲಕವೂ ಹಾದುಹೋಗುತ್ತದೆ. ಆರು ಮೇಲ್ಮೈ ಇದ್ದರೆ ಆರು ಪಟ್ಟು ತಡೆ. ಒತ್ತಿದ್ದು ಒಂದು ಸಲ, ಫಲ ಆರು ಸಲ. ಜಿಪುಣ ಎಂಜಿನಿಯರ್ ಮೆಚ್ಚುವ ಲೆಕ್ಕ ಇದು.

ನಮ್ಮ ರೈತರಿಗೆ ಇದರ ಅಣ್ಣನಂಥ ಇನ್ನೊಂದು ಉಪಾಯ ಗೊತ್ತಿದೆ. ಸೊಕ್ಕಿದ ಹೋರಿಯ ಹಗ್ಗವನ್ನು ಕಂಬಕ್ಕೆ ಎರಡು ಸುತ್ತು ಹಾಕಿ ತುದಿಯನ್ನು ಕೈಯಲ್ಲಿ ಹಿಡಿಯುತ್ತಾರೆ. ಹಗ್ಗಕ್ಕೂ ಕಂಬಕ್ಕೂ ಘರ್ಷಣಾ ಗುಣಾಂಕ 0.3 ಎಂದಿಟ್ಟುಕೊಳ್ಳಿ. ಒಂದು ಸುತ್ತಿಗೆ ನಿಮ್ಮ ಹಿಡಿತ ಸುಮಾರು ಆರೂವರೆ ಪಟ್ಟಾಗುತ್ತದೆ. ಎರಡು ಸುತ್ತಿಗೆ 43 ಪಟ್ಟು. ಮೂರು ಸುತ್ತಿಗೆ 280ಕ್ಕೂ ಹೆಚ್ಚು! ಪ್ರತಿ ಸುತ್ತೂ ಹಿಂದಿನದನ್ನು ಗುಣಿಸುತ್ತಾ ಹೋಗುತ್ತದೆ. ಕಂಬ ಎಷ್ಟು ದಪ್ಪ ಎಂಬುದು ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಸವಣೂರಿನ ದೊಡ್ಡಹುಣಸೆ ಮರಕ್ಕೆ ಸುತ್ತಿದರೂ ಅಷ್ಟೆ, ಮನೆಯ ಮುಂದಿನ ಗೂಟಕ್ಕೆ ಸುತ್ತಿದರೂ ಅಷ್ಟೆ. ಎಷ್ಟು ಸುತ್ತು ಎನ್ನುವುದೇ ಮುಖ್ಯ.

ಮೂರರಲ್ಲಿ ಒಂದು ಪಾಲು

ಈಗ ನಿಜವಾದ ಪ್ರಶ್ನೆ: ಡ್ರ್ಯಾಗ್ ಎಷ್ಟು ಬಿಗಿಯಿರಬೇಕು? ಅನುಭವಿಗಳ ಉತ್ತರ ಒಂದೇ. ದಾರ ಎಷ್ಟು ಎಳೆತಕ್ಕೆ ಹರಿಯುತ್ತದೋ ಅದರ ನಾಲ್ಕನೇ ಒಂದರಿಂದ ಮೂರನೇ ಒಂದು ಭಾಗ. 24 ಕಿಲೋ ತಾಳುವ ದಾರಕ್ಕೆ 6ರಿಂದ 8 ಕಿಲೋ. (ಕಿಲೋ ಎಂಬುದು ರಾಶಿಯ ಮಾನ, ಬಲದ್ದಲ್ಲ ಎಂದು ನನ್ನ ವಿದ್ಯಾರ್ಥಿಗಳು ಕೈ ಎತ್ತುತ್ತಾರೆ, ಎತ್ತಲೇಬೇಕು. 8 ಕಿಲೋ ತೂಕದಷ್ಟು ಬಲ ಎಂದು ಓದಿಕೊಳ್ಳಿ, ಸುಮಾರು 78 ನ್ಯೂಟನ್.) ಕೈಯಲ್ಲಿ ಎಳೆದು ನೋಡಿ 'ಇಷ್ಟು ಸಾಕು' ಎನ್ನುವುದು ಸಲ್ಲದು. ದಾರದ ತುದಿಯನ್ನು ಸ್ಪ್ರಿಂಗ್ ತ್ರಾಸಿಗೆ ಕಟ್ಟಿ, ಕೋಲನ್ನು ಮೀನು ಎಳೆಯುವಾಗ ಇರುವಂತೆ ಓರೆಯಾಗಿ ಹಿಡಿದು, ಇನ್ನೊಬ್ಬರು ತ್ರಾಸನ್ನು ನಿಧಾನವಾಗಿ ಎಳೆದು ಅಳೆಯಬೇಕು.

24 ಕಿಲೋ ತಾಳುವ ದಾರಕ್ಕೆ 20 ಕಿಲೋ ಯಾಕೆ ಇಡಬಾರದು? ಉಳಿದ ಹದಿನಾರು ಕಿಲೋ ಸುಮ್ಮನೆ ವ್ಯರ್ಥವಲ್ಲವೇ? ಅಲ್ಲ. ಇಲ್ಲಿದೆ ಸೂಕ್ಷ್ಮ.

ಬಿಲ್ಲೆಗಳು ಕೊಡುವುದು ಬಲವನ್ನಲ್ಲ, ತಿರುಗುವಿಕೆಯ ತಡೆಯನ್ನು, ಅಂದರೆ ಟಾರ್ಕನ್ನು. ಟಾರ್ಕ್ ಎಂದರೆ ಬಲ ಮತ್ತು ತ್ರಿಜ್ಯದ ಗುಣಲಬ್ಧ. ದಾರ ತುಂಬಿದ ಉರುಳೆ ದಪ್ಪಗಿರುತ್ತದೆ. ಮೀನು ದಾರ ಎಳೆದುಕೊಂಡು ಹೋದಂತೆ ಸಣ್ಣದಾಗುತ್ತದೆ. ಟಾರ್ಕ್ ಅಷ್ಟೇ ಇದ್ದು ತ್ರಿಜ್ಯ ಇಳಿದರೆ ಬಲ ಏರಲೇಬೇಕು. ಬರಿಯ ಉರುಳೆಯ ತ್ರಿಜ್ಯ, ತುಂಬಿದ ಉರುಳೆಯ ಮೂರನೇ ಒಂದು ಭಾಗ ಎಂದುಕೊಂಡು ಲೆಕ್ಕ ಹಾಕೋಣ. ಅರ್ಧ ದಾರ ಹೋದಾಗ ತ್ರಿಜ್ಯ ಮುಕ್ಕಾಲಿಗೆ ಇಳಿದಿರುತ್ತದೆ. 8 ಕಿಲೋ ಇದ್ದ ಎಳೆತ ಹೆಚ್ಚುಕಡಿಮೆ 10.7 ಆಗುತ್ತದೆ. ಅಂಥ ಗಾಬರಿಯೇನಿಲ್ಲ. ಆದರೆ ನೂರಕ್ಕೆ 84 ಪಾಲು ದಾರ ಹೋದಾಗ ತ್ರಿಜ್ಯ ಅರ್ಧವಾಗುತ್ತದೆ, ಎಳೆತ 16ಕ್ಕೆ ಜಿಗಿಯುತ್ತದೆ. ಯಾರೂ ತಿರುಪು ಮುಟ್ಟಿಲ್ಲ, ಡ್ರ್ಯಾಗ್ ತಾನೇ ಇಮ್ಮಡಿಯಾಗಿದೆ! ಇದರ ಮೇಲೆ ಬಾಗಿದ ಕೋಲಿನ ಬಳೆಗಳಿಗೆ ದಾರ ಉಜ್ಜುವ ಘರ್ಷಣೆ. ನೀರಿನಲ್ಲಿ ನೂರಾರು ಮೀಟರ್ ದಾರವನ್ನು ಎಳೆಯುವ ತಡೆ. ಜೊತೆಗೆ ದಾರದ ಗಂಟು ದಾರಕ್ಕಿಂತ ಬಲಹೀನ. ಎಲ್ಲ ಸೇರಿದರೆ 24 ಏನು ದೂರವಿಲ್ಲ.

ಮೀನು ದೂರ ಹೋದಷ್ಟೂ ಮನುಷ್ಯನ ಕೈ ತಿರುಪನ್ನು ಬಿಗಿ ಮಾಡಲು ಹೋಗುತ್ತದೆ. ಎಲ್ಲ ಹೋಗಿಬಿಡುತ್ತದಲ್ಲ ಎಂಬ ಆತಂಕ. ಲೆಕ್ಕ ಹೇಳುವುದು ಅದರ ವಿರುದ್ಧ: ದಾರ ಕಡಿಮೆಯಾದಂತೆ ಸಡಿಲ ಮಾಡು. ಇದನ್ನು ಓದುತ್ತಿರುವ ತಂದೆತಾಯಿಗಳಿಗೆ ಬೇರೆ ಯಾವುದೋ ವಿಷಯ ನೆನಪಾದರೆ ನಾನು ಹೊಣೆಯಲ್ಲ.

ಬಿಚ್ಚುವುದು, ಕಟ್ಟುವುದು

ಉಪ್ಪುನೀರಿನಲ್ಲಿ ದುಡಿದ ರೀಲನ್ನು ಆಗಾಗ ಬಿಚ್ಚಿ ಶುಚಿ ಮಾಡಬೇಕು. ಸೈಕಲ್ ರಿಪೇರಿಯವರು ಹಬ್ಬು ಬಿಚ್ಚಿದಾಗ ಗುಂಡುಗಳನ್ನು ತಟ್ಟೆಯಲ್ಲಿ ಹಾಕಿಟ್ಟುಕೊಳ್ಳುವಂತೆ, ಬಿಚ್ಚಿದ ಕ್ರಮದಲ್ಲೇ ಭಾಗಗಳನ್ನು ಬಟ್ಟೆಯ ಮೇಲೆ ಸಾಲಾಗಿ ಇಡುವುದು ಮೊದಲ ಪಾಠ. ಒಂದು ಬಿಲ್ಲೆ ಅದಲುಬದಲಾದರೂ ಜಾರಬೇಕಾದ ಮೇಲ್ಮೈಗಳು ಕಡಿಮೆಯಾಗಿ ಲೆಕ್ಕವೇ ತಪ್ಪುತ್ತದೆ.

ಘರ್ಷಣೆಯ ವಾಷರುಗಳನ್ನು ಹಿಂದೆ ತೊಗಲಿನಿಂದ, ಬೆಂಡಿನಿಂದ ಮಾಡುತ್ತಿದ್ದರು. ಈಗ ಹೆಚ್ಚಾಗಿ ಕಾರ್ಬನ್ ನಾರಿನ ಬಟ್ಟೆಯಂಥ ವಸ್ತುವಿನಿಂದ. ಯಾಕೆ? ಶಾಖ. 8 ಕಿಲೋ ತಡೆಯ ವಿರುದ್ಧ ಮೀನು ಅರ್ಧ ನಿಮಿಷದಲ್ಲಿ 300 ಮೀಟರ್ ದಾರ ಎಳೆಯಿತು ಎನ್ನಿ. ಕೆಲಸ ಎಂದರೆ ಬಲ ಗುಣಿಸು ದೂರ. 78 ನ್ಯೂಟನ್ನನ್ನು 300 ಮೀಟರಿನಿಂದ ಗುಣಿಸಿದರೆ ಸುಮಾರು 23,500 ಜೂಲ್. ಅದನ್ನು 30 ಸೆಕೆಂಡಿನಿಂದ ಭಾಗಿಸಿದರೆ 780 ವ್ಯಾಟ್. ನಿಮ್ಮ ಮನೆಯ ಇಸ್ತ್ರಿ ಪೆಟ್ಟಿಗೆಯಷ್ಟು! ಅಷ್ಟೂ ಶಾಖ ಹುಟ್ಟುವುದು ನಾಲ್ಕಾರು ಬಿಲ್ಲೆಗಳ ನಡುವೆ. ಬಾವಿಯ ಹಗ್ಗ ಸರ್ರನೆ ಜಾರಿದಾಗ ಅಂಗೈ ಸುಟ್ಟದ್ದು ಗೊತ್ತಿದ್ದವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ.

ಬಿಚ್ಚಿದ ವಾಷರು ಗಾಜಿನಂತೆ ಹೊಳೆಯುತ್ತಿದ್ದರೆ, ಅಂಚು ಹರಿದಿದ್ದರೆ, ಎಲ್ಲೋ ಒಂದು ಕಡೆ ಅಮುಕಿಹೋಗಿದ್ದರೆ ಬದಲಾಯಿಸಬೇಕು. ಉಕ್ಕಿನ ಬಿಲ್ಲೆಯ ಮೇಲೆ ತುಕ್ಕು, ಗೀರು ಇರಬಾರದು. ಕಾರ್ಬನ್ ವಾಷರುಗಳಿಗೆ ಇದಕ್ಕೆಂದೇ ಮಾಡಿದ ಗ್ರೀಸನ್ನು ತೆಳ್ಳಗೆ ಸವರುವುದುಂಟು. ಒಣಗಿಯೇ ಇರಬೇಕೆಂದು ತಯಾರಕರು ಹೇಳಿದ್ದರೆ ಅವರ ಮಾತೇ ಕೊನೆ.

ಬ್ರೇಕಿಗೆ ಗ್ರೀಸು ಹಚ್ಚುವುದೇ? ಸೈಕಲ್ ಬ್ರೇಕಿಗೆ ಹಚ್ಚಿದರೆ ಪ್ರಾಣಕ್ಕೇ ಸಂಚಕಾರ. ಇಲ್ಲಿ ಅದರ ಉದ್ದೇಶವೇ ಬೇರೆ. ನಿಂತ ವಸ್ತುವನ್ನು ಹೊರಡಿಸಲು ಹೆಚ್ಚು ಬಲ ಬೇಕು, ಹೊರಟ ಮೇಲೆ ಸಾಗಿಸಲು ಕಡಿಮೆ ಸಾಕು. ಮೊದಲನೆಯದು ಸ್ಥಾಯಿ ಘರ್ಷಣೆ, ಎರಡನೆಯದು ಜಾರು ಘರ್ಷಣೆ. ಗೋಧಿ ಚೀಲವನ್ನು ನೆಲದ ಮೇಲೆ ದೂಡಿದವರಿಗೆಲ್ಲ ಗೊತ್ತು. ಇವೆರಡರ ನಡುವೆ ಅಂತರ ಹೆಚ್ಚಿದ್ದರೆ ದಾರ ಸರಾಗವಾಗಿ ಹೋಗದೆ ಹಿಡಿದು-ಬಿಟ್ಟು, ಹಿಡಿದು-ಬಿಟ್ಟು ಹೋಗುತ್ತದೆ. ಎಣ್ಣೆ ಕಾಣದ ಬಾಗಿಲ ಕೀಲು ಕಿರುಗುಟ್ಟುವುದೂ ಇದೇ ಕಾರಣಕ್ಕೆ. ಆ ಪ್ರತಿಯೊಂದು ಜಗ್ಗಿನಲ್ಲೂ ಎಳೆತ ಮೇಲೇರುತ್ತದೆ, ಯಾವುದೋ ಒಂದು ಜಗ್ಗಿಗೆ ದಾರ ಹರಿಯುತ್ತದೆ. ಗ್ರೀಸು ಸ್ಥಾಯಿ ಮತ್ತು ಜಾರು ಘರ್ಷಣೆಗಳನ್ನು ಒಂದಕ್ಕೊಂದು ಹತ್ತಿರ ತರುತ್ತದೆ. ಕಡಿಮೆಯಾದ ಘರ್ಷಣೆಯನ್ನು ತುಸು ಹೆಚ್ಚು ಒತ್ತಿ ತುಂಬಿಕೊಂಡರಾಯಿತು. ತ್ರಾಸಿನಲ್ಲಿ ಅಳೆಯುವಾಗ ದಾರ ಹೊರಡುವ ಅಂಕಿ, ಸಾಗುವ ಅಂಕಿ ಎರಡನ್ನೂ ಬರೆದುಕೊಳ್ಳಬೇಕೆನ್ನುವುದು ಇದಕ್ಕೇ. ಎರಡೂ ಹತ್ತಿರವಿದ್ದರೆ ಸರ್ವಿಸ್ ಸರಿಯಾಗಿದೆ.

ಇನ್ನೊಂದು ಬಗೆ ಲಿವರ್ ಡ್ರ್ಯಾಗ್. ಇಲ್ಲಿ ಸನ್ನೆಯೊಂದನ್ನು ಮುಂದೆ ದೂಡಿದರೆ ಉರುಳೆಯೂ ದೊಡ್ಡ ಬಿಲ್ಲೆಯೂ ಒಂದಕ್ಕೊಂದು ಒತ್ತಿಕೊಳ್ಳುತ್ತವೆ. ಸನ್ನೆಗೆ ಮೂರು ನೆಲೆ: ಪೂರ್ತಿ ಸಡಿಲ, ಮೀನು ಕಚ್ಚಿದಾಗಿನ ನೆಲೆ, ಪೂರ್ತಿ ಬಿಗಿ. ಮಧ್ಯದ ನೆಲೆಯಲ್ಲಿ ಎಷ್ಟು ಬಲ ಸಿಗಬೇಕೆಂಬುದನ್ನು ಪಕ್ಕದ ಗುಂಡಿ ತಿರುಗಿಸಿ ಮೊದಲೇ ನಿಗದಿ ಮಾಡುತ್ತಾರೆ. ಗುಂಡಿ ತಿರುಗಿಸುವಾಗ ಸನ್ನೆ ಸಡಿಲದ ನೆಲೆಯಲ್ಲೇ ಇರಬೇಕು. ತಿರುಗಿಸಿ, ಸನ್ನೆಯನ್ನು ಮಧ್ಯಕ್ಕೆ ತಂದು, ತ್ರಾಸಿನಿಂದ ಎಳೆದು ನೋಡಿ, ಮತ್ತೆ ಸಡಿಲಿಸಿ, ಮತ್ತೆ ತುಸು ತಿರುಗಿಸಿ, ಹೀಗೆ ನಾಲ್ಕಾರು ಸಲ. ಹೆಚ್ಚು ಆಸೆಪಟ್ಟು ಗುಂಡಿ ಬಿಗಿದರೆ ಸಡಿಲದ ನೆಲೆಯಲ್ಲೂ ಉರುಳೆ ಸಲೀಸಾಗಿ ತಿರುಗುವುದಿಲ್ಲ.

ತಟ್ಟೆಯಂತೆ ಬಾಗಿದ ಸ್ಪ್ರಿಂಗ್ ವಾಷರುಗಳ ವಿಷಯ ಸ್ವಾರಸ್ಯದ್ದು. ಎರಡನ್ನು ಒಂದರೊಳಗೊಂದು ಕೂರಿಸಿದರೆ ಗಡಸು. ಬೊಗಸೆಯಂತೆ ಎದುರುಬದುರಾಗಿ ಇಟ್ಟರೆ ಮೆದು, ಹೆಚ್ಚು ದೂರ ಅಮುಕಬಹುದು. ಬಿಚ್ಚುವಾಗ ಹೇಗಿತ್ತೆಂದು ನೋಡಿಕೊಳ್ಳದೆ ಕಟ್ಟಿದರೆ ಅದೇ ರೀಲು ಬೇರೆ ರೀಲಾಗುತ್ತದೆ. ಕೆಲಸ ಮುಗಿಸಿ ಎತ್ತಿಡುವಾಗ ಡ್ರ್ಯಾಗನ್ನು ಪೂರ್ತಿ ಸಡಿಲ ಮಾಡಬೇಕು, ಇಲ್ಲವಾದರೆ ವಾಷರುಗಳು ಅಮುಕಿದಂತೆಯೇ ಉಳಿದುಬಿಡುತ್ತವೆ. ನೀರಿನಿಂದ ತೊಳೆಯುವಾಗ ಮಾತ್ರ ಬಿಗಿ ಮಾಡಿಕೊಳ್ಳುತ್ತಾರೆ, ನೀರು ಒಳಗೆ ಇಳಿಯದಿರಲಿ ಎಂದು.

ಮೀನಿನ ಕಡೆಯಿಂದ

ಇದೆಲ್ಲ ಹಿಡಿಯುವವನ ಲೆಕ್ಕ. ಮೀನಿನದೂ ಒಂದು ಲೆಕ್ಕವಿದೆ. 1977ರಲ್ಲಿ ಮೂವರು ಇಂಗ್ಲಿಷರ ತಂಡವೊಂದು ಮಹಶೀರ್ ಹುಡುಕಿಕೊಂಡು ಕಾವೇರಿಗೆ ಬಂತು. ಆಮೇಲೆ ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಾಕಳಿ ಕಡೆ ಗಾಳದ ಶಿಬಿರಗಳು ನಡೆದವು. ಹಿಡಿದ ಮೀನನ್ನು ತೂಗಿ ಮತ್ತೆ ಹೊಳೆಗೇ ಬಿಡುವುದು ಅಲ್ಲಿನ ನಿಯಮವಾಯಿತು. ಹೊಳೆಗೆ ಸಿಡಿಮದ್ದು ಎಸೆದು ಮೀನು ಕೊಲ್ಲುವವರನ್ನು ದೂರವಿಡಲೂ ಶಿಬಿರಗಳು ನೆರವಾದವು. ವನ್ಯಧಾಮದೊಳಗೆ ಗಾಳ ಹಾಕುವುದೂ ಬೇಟೆಯೇ ಎಂಬ ಕಾನೂನಿನ ಅರ್ಥ ಮೇಲಾಗಿ 2010ರ ನಂತರದ ವರ್ಷಗಳಲ್ಲಿ ಅಲ್ಲಿ ಗಾಳ ನಿಂತಿತು. ಅದು ಸರಿಯೋ ತಪ್ಪೋ ಎಂಬ ವಾದ ಎರಡೂ ಕಡೆ ಇದೆ. ಕಾವಲಿಗೆ ಇದ್ದ ಕಣ್ಣುಗಳು ಹೋದವಲ್ಲ ಎಂಬುದು ನನಗೆ ತೂಕದ ಮಾತಾಗಿ ಕಾಣುತ್ತದೆ.

2018ರಲ್ಲಿ ವಿಜ್ಞಾನಿಗಳು ಕಾವೇರಿಯ ಈ ಗೂನುಬೆನ್ನಿನ ಮಹಶೀರ್ 'ಟಾರ್ ರೆಮಾದೇವಿ' ಎಂಬ ಜಾತಿಯದೆಂದು ಗುರುತಿಸಿದರು. ಅದೇ ವರ್ಷ ಅದು ಅಳಿವಿನ ತೀರ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೆ ಸೇರಿತು. ಇಷ್ಟು ದೊಡ್ಡ ಮೀನಿಗೆ ವೈಜ್ಞಾನಿಕ ಹೆಸರು ಖಚಿತವಾಗುವ ಹೊತ್ತಿಗೆ ಅದು ಮುಗಿಯುವ ಹಂತಕ್ಕೆ ಬಂದಿತ್ತು.

ಹಿಡಿದು ಬಿಡುವ ಪದ್ಧತಿಯಲ್ಲಿ ಡ್ರ್ಯಾಗಿನ ಅಳತೆ ಮೀನಿನ ಬದುಕಿನ ಅಳತೆಯೇ ಆಗುತ್ತದೆ. ತೀರ ಬಿಗಿಯಿದ್ದರೆ ದಾರ ಹರಿದು, ಬಾಯಲ್ಲಿ ಗಾಳ, ಹಿಂದೆ ಮೂವತ್ತು ಮಾರು ನೈಲಾನು ಎಳೆದುಕೊಂಡು ಮೀನು ಹೋಗುತ್ತದೆ. ಆ ದಾರ ಬಂಡೆಯ ಸಂದಿಗೆ ಸಿಕ್ಕಿತೆಂದರೆ ಅಲ್ಲೇ ಅದರ ಅಂತ್ಯ. ತೀರ ಸಡಿಲವಿದ್ದರೆ ಗಂಟೆಗಟ್ಟಲೆ ಸೆಣಸಾಟ. ಆಮ್ಲಜನಕ ಸಾಲದೆ ದುಡಿದ ಸ್ನಾಯುಗಳಲ್ಲಿ ಲ್ಯಾಕ್ಟಿಕ್ ಆಮ್ಲ ತುಂಬಿ, ಓಟದ ಸ್ಪರ್ಧೆ ಮುಗಿಸಿದ ಹುಡುಗನ ಕಾಲು ಹಿಡಿದಂತೆ ಇಡೀ ಮೈ ಹಿಡಿಯುತ್ತದೆ. ಬಿಟ್ಟಾಗ ಈಜಿಕೊಂಡು ಹೋದಂತೆ ಕಂಡರೂ ಆಮೇಲೆ ಸಾಯುವುದುಂಟು. ಮಾಪನಕ್ಕೆ ಎರಡು ರೂಪಾಯಿ ಬೆಲೆ ಕೊಡದವರಿಗೆ ಈ ಮಾತು ತಿಳಿಯಬೇಕು.

ಮನೆಯಲ್ಲೇ ಮಾಡಿ ನೋಡಿ

ಘರ್ಷಣೆಯ ಅನುಕೂಲ ಮೂರು, ಅನಾನುಕೂಲ ಮೂರು ಎಂದು ಬಾಯಿಪಾಠ ಮಾಡಿ ಅಂಕ ತೆಗೆಯಬಹುದು. ಅದಕ್ಕಿಂತ ಒಂದು ರವಿವಾರ ಹೀಗೆ ಮಾಡಿ. ಕರೆಂಟಿನ ವೈರು ಸುತ್ತಿ ಬರುವ ಪ್ಲಾಸ್ಟಿಕ್ ಉರುಳೆ ಎಲೆಕ್ಟ್ರಿಕ್ ಅಂಗಡಿಯಲ್ಲಿ ಬಿಟ್ಟಿ ಸಿಗುತ್ತದೆ. ಅದರ ತೂತಿಗೆ ಹೊಂದುವ ಉದ್ದ ಬೋಲ್ಟು, ಎರಡು ನಟ್ಟು, ಅಗಲ ಕಬ್ಬಿಣದ ವಾಷರು ಎರಡು, ಹಳೆಯ ಚಪ್ಪಲಿಯ ತೊಗಲಿನಿಂದ ಕತ್ತರಿಸಿದ ಬಿಲ್ಲೆ ಎರಡು ಬೇಕು. ಉರುಳೆಯ ಎರಡೂ ಬದಿಗೆ ತೊಗಲು, ಅದರಾಚೆ ಕಬ್ಬಿಣ, ಆಮೇಲೆ ನಟ್ಟು. ಬೋಲ್ಟಿನ ತಲೆಯನ್ನು ಹಲಗೆಗೆ ಭದ್ರಪಡಿಸಿ, ಉರುಳೆ ತುಂಬ ಗಾಳಿಪಟದ ದಾರ ಸುತ್ತಿ, ತುದಿಗೆ ಶಾಲೆಯ ಸ್ಪ್ರಿಂಗ್ ತ್ರಾಸು ಕಟ್ಟಿ ಎಳೆಯಿರಿ.

ಒಂದೇ ನಟ್ಟು ಹಾಕಿದರೆ ಉರುಳೆಯ ಜೊತೆ ಅದೂ ತಿರುಗಿ ಸಡಿಲವಾಗುತ್ತದೆ, ಇಲ್ಲವೇ ಬಿಗಿಯಾಗುತ್ತದೆ. ಒಂದರ ಮೇಲೊಂದು ಎರಡು ನಟ್ಟು ಬಿಗಿದು ಲಾಕ್ ಮಾಡಿ. ನಿಜವಾದ ರೀಲಿನಲ್ಲಿ ಬಿಲ್ಲೆಗಳಿಗೆ ಹಲ್ಲು, ಕಿವಿ ಯಾಕಿರುತ್ತವೆ ಎಂಬುದು ಆಗ ಹೇಳದೆಯೇ ತಿಳಿಯುತ್ತದೆ. ಉರುಳೆ ತುಂಬಿದ್ದಾಗ, ಅರ್ಧವಾದಾಗ, ಹೆಚ್ಚುಕಡಿಮೆ ಬರಿದಾದಾಗ ತ್ರಾಸಿನ ಅಂಕಿಯನ್ನೂ ಅಳತೆಪಟ್ಟಿಯಿಂದ ತ್ರಿಜ್ಯವನ್ನೂ ಬರೆದುಕೊಂಡು ಗುಣಿಸಿ ನೋಡಿ, ಮೂರೂ ಸಲ ಗುಣಲಬ್ಧ ಹತ್ತಿರ ಹತ್ತಿರ ಬರಬೇಕು. ತೊಗಲಿನ ಬದಲು ಸೈಕಲ್ ಟ್ಯೂಬಿನ ರಬ್ಬರು ಹಾಕಿದರೆ ದಾರ ಹೊರಡುವ ಅಂಕಿಗೂ ಸಾಗುವ ಅಂಕಿಗೂ ಎಷ್ಟು ಅಂತರ ಬರುತ್ತದೆಂದು ಅಳೆಯಿರಿ. ಆಮೇಲೆ ತೊಗಲಿಗೆ ಒಂದು ಹನಿ ಕೊಬ್ಬರಿ ಎಣ್ಣೆ ಸವರಿ ಮತ್ತೊಮ್ಮೆ.